‘ಸಾಮರ್ಥ್ಯ’ದ ಎರಡು ಅರ್ಥ: ಜುರಾಲ ಜಲಾಶಯದ ಒಂದು ಲೆಕ್ಕ

ಭೌತಶಾಸ್ತ್ರದ ಲೆಕ್ಕ ಬಿಡಿಸಲು ಸೂತ್ರದ ಕಂಠಪಾಠ ಸಾಲದೆಂಬುದು ಸರ್ವಸಮ್ಮತ. ಚಿ, ಫೆಲ್ಟೋವಿಚ್ ಮತ್ತು ಗ್ಲೇಸರ್ ಅವರ 1981ರ ಅಧ್ಯಯನದ ಪ್ರಕಾರ ಹೊಸಬರು ಲೆಕ್ಕಗಳನ್ನು ಇಳಿಜಾರು, ಸ್ಪ್ರಿಂಗುಗಳಂಥ ಹೊರರೂಪದಿಂದಲೂ ನುರಿತವರು ಶಕ್ತಿಸಂರಕ್ಷಣೆಯಂಥ ತತ್ತ್ವದಿಂದಲೂ ವಿಂಗಡಿಸುತ್ತಾರೆ. ಅಲ್ಲಿ ಒತ್ತು ಬಿದ್ದಿರುವುದು ಕಲಿಯುವವರ ಜ್ಞಾನರಚನೆಯ ಮೇಲೆ. ಲೆಕ್ಕದ ಮಾತಿನೊಳಗೇ ಇರುವ ತೊಡಕನ್ನು ಬೇರೆಯಾಗಿಯೇ ಎಣಿಸಬೇಕೆಂಬುದು ಪ್ರಸ್ತುತ ಲೇಖನದ ವಾದ.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತಿರದ ನಿದರ್ಶನವೆಂದರೆ ಗದ್ವಾಲದ ಬಳಿ ಕೃಷ್ಣೆಗೆ ಕಟ್ಟಿದ ಪ್ರಿಯದರ್ಶಿನಿ ಜುರಾಲ ಅಣೆಕಟ್ಟು. ಅದರ ವಿದ್ಯುದಾಗಾರದಲ್ಲಿ ತಲಾ 39 ಮೆಗಾವ್ಯಾಟಿನ ಆರು ಘಟಕಗಳಿದ್ದು, ಒಟ್ಟು ‘ಸಾಮರ್ಥ್ಯ’ 234 ಮೆಗಾವ್ಯಾಟ್. ಜಲಾಶಯ ಹಿಡಿಯುವ ನೀರಿಗೂ ‘ಸಾಮರ್ಥ್ಯ’ವೆಂದೇ ಹೆಸರು; ಅದರ ಅಳತೆ ಮಾತ್ರ ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಮೊದಲನೆಯದು ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸ, ಎರಡನೆಯದು ಬರಿಯ ಗಾತ್ರ.

ನೀರು 20 ಮೀಟರ್ ಎತ್ತರದಿಂದ ಬೀಳುತ್ತದೆಂದೂ ನಷ್ಟವೇನೂ ಇಲ್ಲವೆಂದೂ ಭಾವಿಸಿದರೆ, 1,000 ಕಿಲೋಗ್ರಾಂ ತೂಗುವ ಒಂದು ಘನ ಮೀಟರ್ ನೀರು ಕೊಡುವ ಶಕ್ತಿ, ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ (9.8) ಮತ್ತು ಎತ್ತರಗಳ ಗುಣಲಬ್ಧವಾಗಿ, 1,96,000 ಜೂಲ್. ಆರೂ ಘಟಕಗಳು ಪೂರ್ತಿ ನಡೆಯಲು ಸೆಕೆಂಡಿಗೆ ಸುಮಾರು 1,194 ಘನ ಮೀಟರ್ ಹರಿಯಬೇಕು. ಆ ಹರಿವಿನಲ್ಲಿ ಒಂದು ಟಿಎಂಸಿ, ಅಂದರೆ 2.83 ಕೋಟಿ ಘನ ಮೀಟರ್, ಸುಮಾರು ಆರೂವರೆ ಗಂಟೆಯಲ್ಲಿ ಮುಗಿಯುತ್ತದೆ. ಒಂದೇ ಹೆಸರಿನ ಎರಡು ರಾಶಿಗಳನ್ನು ಬೆಸೆಯುವುದು ಕಾಲ. ಹೆಸರಷ್ಟನ್ನೇ ನೋಡಿ ಸೂತ್ರಕ್ಕೆ ಕೈಹಾಕಿದವರಿಗೆ ಈ ಕಾಲವೇ ಕಣ್ತಪ್ಪುತ್ತದೆ.

ಇದು ಕನ್ನಡ ಪರಿಭಾಷೆಯ ಕೊರತೆ, ತೆಲುಗು ಮಾಧ್ಯಮಕ್ಕೆ ಹೋದರೆ ನೀಗುತ್ತದೆ ಎಂಬ ಆಕ್ಷೇಪ ನಿಲ್ಲದು, ಏಕೆಂದರೆ ತೆಲುಗಿನಲ್ಲೂ ‘ಸಾಮರ್ಥ್ಯಂ’ ಎರಡೂ ಅರ್ಥಗಳನ್ನು ಹೊರುತ್ತದೆ. ಮಾಧ್ಯಮ ಬದಲಿಸಿದರೆ ಹೊಸ ತೊಡಕುಗಳೂ ಸೇರಿಕೊಳ್ಳಬಹುದು: ಕನ್ನಡದ ‘ವೇಗೋತ್ಕರ್ಷ’ಕ್ಕೆ ತೆಲುಗಿನಲ್ಲಿ ‘ತ್ವರಣಂ’ ಎಂಬ ಪದವಿದ್ದು, ಅದು ಕನ್ನಡದ ಕಿವಿಗೆ ವೇಗದ ಬದಲಾವಣೆಗಿಂತ ‘ತ್ವರೆ’ಯನ್ನೇ ಸೂಚಿಸೀತು.

ಆದ್ದರಿಂದ, ಸೂತ್ರವನ್ನು ಆರಿಸುವ ಮೊದಲು ಪ್ರತಿ ರಾಶಿಯ ಏಕಮಾನವನ್ನು ಬರೆದುಕೊಳ್ಳುವುದು, ಕನಿಷ್ಠ ಹೆಸರು ಒಂದೇ ಆಗಿ ಅರ್ಥ ಎರಡಾಗುವ ಇಂಥ ಲೆಕ್ಕಗಳಲ್ಲಿ, ಸೂತ್ರ ಕಲಿಯುವಷ್ಟೇ ಮುಖ್ಯವೆನ್ನಬಹುದು. ಇದು ಒಂದು ಪದದ ವಿಶ್ಲೇಷಣೆಯಿಂದ ಹೊರಟ ಊಹೆಯೇ ಹೊರತು ತರಗತಿಯಲ್ಲಿ ಪರೀಕ್ಷಿಸಿದ ತೀರ್ಮಾನವಲ್ಲ. ತಪ್ಪು ಪದದಲ್ಲಿ ಹುಟ್ಟುತ್ತದೆಯೋ ಗಣಿತದಲ್ಲೋ ಎಂಬುದನ್ನು ಎರಡೂ ಮಾಧ್ಯಮಗಳ ಉತ್ತರಪತ್ರಿಕೆಗಳನ್ನು ಹೋಲಿಸಿಯೇ ನಿರ್ಧರಿಸಬೇಕಾಗಿದೆ.