ಹಿಂದೆ ಹಿಂದೆ ಸರಿದ ಮೊದಲ ಪಾಸ್

ಫುಟ್‌ಬಾಲ್ ಪಂದ್ಯ 90 ನಿಮಿಷದ್ದು. ಚೆಂಡು ಗೆರೆ ದಾಟುವುದು, ಫೌಲ್, ಆಟಗಾರರ ಬದಲಾವಣೆ ಇವನ್ನೆಲ್ಲ ಕಳೆದರೆ ಚೆಂಡು ನಿಜಕ್ಕೂ ಆಟದಲ್ಲಿರುವುದು ಸಾಮಾನ್ಯವಾಗಿ ಒಂದು ಗಂಟೆಗಿಂತ ಕಡಿಮೆ. ಅದನ್ನು 22 ಮಂದಿಗೆ ಹಂಚಿದರೆ ತಲೆಗೆ ಮೂರು ನಿಮಿಷವೂ ಬೀಳುವುದಿಲ್ಲ. ಮಿಕ್ಕ ಹೊತ್ತೆಲ್ಲ ಆಟಗಾರ ಚೆಂಡಿಲ್ಲದೆ ಎಲ್ಲೋ ನಿಂತಿರುತ್ತಾನೆ, ಇಲ್ಲವೇ ಎಲ್ಲಿಗೋ ಓಡುತ್ತಿರುತ್ತಾನೆ. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುವುದರಿಂದ ಆಟದ ಈ ದೊಡ್ಡ ಪಾಲು ಟಿ.ವಿ. ಮುಂದೆ ಕುಳಿತವರ ಕಣ್ಣಿಗೆ ಬೀಳುವುದು ಅಪರೂಪ.

ಸ್ವಂತ ಗೋಲಿನ ಬಳಿಯಿಂದ ಚೆಂಡನ್ನು ಹಂತಹಂತವಾಗಿ ಮುಂದಕ್ಕೆ ತರುವ ಕೆಲಸಕ್ಕೆ ಬಿಲ್ಡ್-ಅಪ್ ಎನ್ನುತ್ತಾರೆ. ಅದರ ಇತಿಹಾಸವನ್ನು ಮಹಾನ್ ಕೋಚ್‌ಗಳ ಪ್ರತಿಭೆಯ ಕಥೆಯಾಗಿ ಹೇಳುವುದು ವಾಡಿಕೆ. ನನಗದು ಅರ್ಧ ಕಥೆ ಎನಿಸುತ್ತದೆ. ನಿಯಮ ಬದಲಾದಾಗಲೆಲ್ಲ, ಎದುರಾಳಿ ಇನ್ನಷ್ಟು ಮುಂದೆ ಬಂದು ಅಡ್ಡಗಟ್ಟಿದಾಗಲೆಲ್ಲ, ದಾಳಿ ಶುರುವಾಗುವ ಜಾಗ ಹಿಂದಕ್ಕೆ ಸರಿದಿದೆ. ಮೊದಲು ಮುನ್ಪಡೆಯವರ ಕಾಲಲ್ಲಿ ಶುರುವಾಗುತ್ತಿದ್ದದ್ದು ಹಾಫ್‌ಬ್ಯಾಕ್‌ಗಳಿಗೆ ಬಂತು, ಅಲ್ಲಿಂದ ಡಿಫೆಂಡರ್‌ಗಳಿಗೆ, ಕೊನೆಗೆ ಗೋಲ್‌ಕೀಪರ್‌ಗೆ. ಕೋಚ್‌ಗಳು ಮಾಡಿದ್ದು ಆ ಹೊಸ ಜಾಗದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಹುಡುಕಿದ್ದು.

ಶುರುವಿನಲ್ಲಿ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. 1863ರ ಇಂಗ್ಲಿಷ್ ನಿಯಮಗಳ ಪ್ರಕಾರ ಚೆಂಡಿಗಿಂತ ಮುಂದಿದ್ದವನು ಆಟದಿಂದ ಹೊರಗಿದ್ದಂತೆ, ಅಂದರೆ ಆಫ್‌ಸೈಡ್. ಮುಂದೆ ಪಾಸ್ ಕೊಡಲು ಯಾರೂ ಇರುವಂತಿಲ್ಲ ಎಂದಮೇಲೆ ಒಬ್ಬ ಚೆಂಡನ್ನು ತಳ್ಳಿಕೊಂಡು ನುಗ್ಗುತ್ತಿದ್ದ, ಉಳಿದವರು ಹಿಂದೆ ಗುಂಪು ಕಟ್ಟಿ ಓಡುತ್ತಿದ್ದರು. 1866ರಲ್ಲಿ ನಿಯಮ ಸಡಿಲವಾಯಿತು. ಎದುರಾಳಿ ಗೋಲಿಗೂ ಆಟಗಾರನಿಗೂ ನಡುವೆ ಮೂವರು ಎದುರಾಳಿಗಳಿದ್ದರೆ ಸಾಕು ಎಂದಾಯಿತು. ಈ ಸಡಿಲಿಕೆಯ ಲಾಭ ಕಣ್ಣಿಗೆ ಬಿದ್ದದ್ದು ಸ್ಕಾಟ್ಲೆಂಡಿನಲ್ಲಿ. 1872ರ ನವೆಂಬರ್ 30ರಂದು ಗ್ಲಾಸ್ಗೋದ ಕ್ರಿಕೆಟ್ ಮೈದಾನವೊಂದರಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡ್ ಪರ ಆಡಿದ ಹನ್ನೊಂದೂ ಮಂದಿ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರು. ಮೈಕಟ್ಟಿನಲ್ಲಿ ಇಂಗ್ಲೆಂಡಿನವರಿಗೆ ಸಾಟಿಯಲ್ಲದ ಅವರು ಇಬ್ಬಿಬ್ಬರಾಗಿ ಹಂಚಿಕೊಂಡು ಪಾಸ್ ಆಡಿದರು. ಪಂದ್ಯ 0-0. ಗೋಲು ಬರಲಿಲ್ಲವಾದರೂ ಮೈದಾನವನ್ನು ಹಂಚಿಕೊಂಡು ನಿಲ್ಲುವ ಆಟ ಅಲ್ಲಿಂದ ಬೇರೂರಿತು. 1880ರ ದಶಕದ ಹೊತ್ತಿಗೆ ಇಬ್ಬರು ಹಿಂದೆ, ಮೂವರು ನಡುವೆ, ಐವರು ಮುಂದೆ ಎಂಬ ಜೋಡಣೆ ರೂಢಿಗೆ ಬಂತು. ನಡುವಿನ ಸೆಂಟರ್ ಹಾಫ್ ಆಟಗಾರನೇ ಅದರ ಕೀಲಿ.

ಆ ಕೀಲಿಯನ್ನು ಕಿತ್ತದ್ದು ಮತ್ತೊಂದು ತಿದ್ದುಪಡಿ. 1925ರಲ್ಲಿ ಆಫ್‌ಸೈಡ್ ಆಗದಿರಲು ಬೇಕಿದ್ದ ಮೂವರು ಎದುರಾಳಿಗಳು ಇಬ್ಬರಾದರು. ಗೋಲುಗಳು ಸುರಿಯತೊಡಗಿದವು. ಅದೇ ಅಕ್ಟೋಬರ್‌ನಲ್ಲಿ ಆರ್ಸೆನಲ್ ತಂಡ ನ್ಯೂಕಾಸಲ್‌ನಲ್ಲಿ 0-7ರಿಂದ ಸೋತಿತು. ಆಟಗಾರ ಚಾರ್ಲಿ ಬ್ಯೂಕನ್ ಒತ್ತಾಯಿಸಿದ, ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಒಪ್ಪಿದ: ಸೆಂಟರ್ ಹಾಫ್ ಇಬ್ಬರು ಬ್ಯಾಕ್‌ಗಳ ನಡುವೆ ಹಿಂದಕ್ಕೆ ಹೋದ. ಬಿಟ್ಟ ಜಾಗ ತುಂಬಲು ಮುನ್ಪಡೆಯ ಇಬ್ಬರು ಕೆಳಗಿಳಿದರು. ಹಿಂದೆ ಮೂವರು, ನಡುವೆ ನಾಲ್ವರ ಚೌಕ, ಮುಂದೆ ಮೂವರು. ಅಕ್ಷರಗಳ ಆಕಾರದ ಮೇಲೆ ಇದಕ್ಕೆ ಡಬ್ಲ್ಯು-ಎಂ ಎಂದು ಹೆಸರು ಬಿತ್ತು. ರಕ್ಷಣೆಗೆಂದು ಹುಟ್ಟಿದ ಜೋಡಣೆಯಾದರೂ ಅದರ ನಡುವಿನ ಚೌಕ ಪಾಸ್ ಆಡುವವನಿಗೆ ವರವಾಯಿತು. ಯಾವ ಮೂಲೆಯಲ್ಲಿ ಚೆಂಡಿದ್ದರೂ ಪಕ್ಕಕ್ಕೊಂದು, ನೇರಕ್ಕೊಂದು, ಓರೆಗೊಂದು ದಾರಿ. ಈ ಚೌಕ ಸುಮಾರು ನೂರು ವರ್ಷದ ನಂತರ ಮ್ಯಾಂಚೆಸ್ಟರ್‌ನಲ್ಲಿ ಮತ್ತೆ ಕಾಣಿಸಿಕೊಳ್ಳಲಿದೆ.

ಡಬ್ಲ್ಯು-ಎಂ ಜೋಡಣೆ ಎಲ್ಲರದ್ದೂ ಆದಾಗ ಪ್ರತಿಯೊಬ್ಬನಿಗೂ ಎದುರು ಒಬ್ಬ ಕಾವಲುಗಾರ ಗೊತ್ತಾಗಿಬಿಟ್ಟ. ಈ ವ್ಯವಸ್ಥೆಗೆ ಹಂಗೆರಿ ತಂಡ 1953ರ ನವೆಂಬರ್ 25ರಂದು ಇಂಗ್ಲೆಂಡ್ ವಿರುದ್ಧ ವೆಂಬ್ಲಿಯಲ್ಲಿ ಕೊಟ್ಟ ಉತ್ತರ ಸರಳ. ಸೆಂಟರ್ ಫಾರ್ವರ್ಡ್ ನಾಂಡೋರ್ ಹಿಡೆಗ್‌ಕುಟಿ ಮುಂದೆ ನಿಲ್ಲದೆ ನಡುವಿಗೆ ಇಳಿದ. ಅವನನ್ನು ಕಾಯಬೇಕಿದ್ದ ಹ್ಯಾರಿ ಜಾನ್‌ಸ್ಟನ್ ಬೆನ್ನು ಹತ್ತಿ ಹೋದರೆ ಗೋಲಿನ ಮುಂದೆ ಬಯಲು, ಹೋಗದಿದ್ದರೆ ಹಿಡೆಗ್‌ಕುಟಿ ಸ್ವತಂತ್ರ. 6-3ರ ಗೆಲುವಿನಲ್ಲಿ ಮೂರು ಗೋಲು ಹಿಡೆಗ್‌ಕುಟಿಯವೇ. ಒಬ್ಬ ಆಟಗಾರ ಹತ್ತು-ಹದಿನೈದು ಗಜ ಬೇರೆ ಕಡೆ ನಿಂತರೆ ಎದುರಾಳಿಗೆ ಬಿಡಿಸಲಾಗದ ಒಗಟಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಗ್ಲೆಂಡ್ ಇದರಿಂದ ಕಲಿತದ್ದು ಕಡಿಮೆ. ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ 1950ರಿಂದ ಪಂದ್ಯಗಳಿಗೆ ಪುಸ್ತಕ, ಪೆನ್ಸಿಲ್ ಹಿಡಿದು ಹೋಗಿ ಪಾಸ್‌ಗಳನ್ನು ಎಣಿಸುತ್ತಿದ್ದ. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಿಂದ ಬರುತ್ತವೆ, ಆದ್ದರಿಂದ ಚೆಂಡನ್ನು ಬೇಗ ಮುಂದಕ್ಕೆ ಒದೆಯಿರಿ ಎಂಬುದು ಅವನ ತೀರ್ಮಾನ. ಎಣಿಕೆ ಸರಿ, ತರ್ಕ ತಪ್ಪು. ಚೆಂಡು ಕಾಲಿಗೆ ಸಿಕ್ಕ ಸಂದರ್ಭಗಳಲ್ಲಿ ಬಹುಪಾಲು ಮೂರು ಪಾಸ್ ಮುಟ್ಟುವ ಮೊದಲೇ ಮುಗಿಯುತ್ತವೆ. ಹಾಗಾಗಿ ಗೋಲುಗಳೂ ಅಲ್ಲೇ ಹೆಚ್ಚು. ಉದ್ದನೆಯ ಪಾಸ್ ಸರಣಿಗಳು ಅಪರೂಪ, ಆದರೆ ನಡೆದಾಗ ಗೋಲಾಗುವ ಪ್ರಮಾಣ ಹೆಚ್ಚು ಎಂದು ನಂತರದ ಸಂಶೋಧಕರು ತೋರಿಸಿದರು. ಅಷ್ಟರಲ್ಲಿ ಆ ತೀರ್ಮಾನ ಇಂಗ್ಲೆಂಡಿನ ಕೋಚಿಂಗ್ ಚಿಂತನೆಯೊಳಗೆ ಗಟ್ಟಿಯಾಗಿ ಕೂತಿತ್ತು.

ಅತ್ತ ಆಮ್‌ಸ್ಟರ್‌ಡಾಮ್‌ನಲ್ಲಿ ರಿನಸ್ ಮಿಖೆಲ್ಸ್ 1965ರಿಂದ ಅಯಾಕ್ಸ್ ತಂಡವನ್ನು ಕಟ್ಟಿದ. ಚೆಂಡು ತಮ್ಮದಾದಾಗ ಮೈದಾನವನ್ನು ಆದಷ್ಟು ಹಿಗ್ಗಿಸುವುದು, ಕಳೆದುಕೊಂಡಾಗ ಆದಷ್ಟು ಕುಗ್ಗಿಸುವುದು ಅವನ ಆಟದ ತಿರುಳು. ಒಬ್ಬ ತನ್ನ ಜಾಗ ಬಿಟ್ಟು ಹೋದರೆ ಇನ್ನೊಬ್ಬ ತುಂಬಬೇಕು; ಜಾಗ ಮುಖ್ಯ, ಅಲ್ಲಿ ಯಾರು ಎಂಬುದಲ್ಲ. ಯೊಹಾನ್ ಕ್ರೈಫ್ ಅದರ ಕಣ್ಣು. 1974ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಯಾರೂ ಚೆಂಡು ಮುಟ್ಟುವ ಮೊದಲೇ, ಇದೇ ಆಟವಾಡಿದ ಡಚ್ಚರಿಗೆ ಪೆನಾಲ್ಟಿ ಸಿಕ್ಕಿ ನೇಸ್ಕೆನ್ಸ್ ಗೋಲು ಹೊಡೆದದ್ದು, ಕೊನೆಗೆ ಅವರು 1-2ರಿಂದ ಸೋತದ್ದು ಎಲ್ಲರಿಗೂ ಗೊತ್ತು. ಅಂದು ಗೋಲಿನಲ್ಲಿ ನಿಂತಿದ್ದವನು ಯಾನ್ ಯೊಂಗ್‌ಬ್ಲೂಡ್. ಕೈಯಷ್ಟೇ ಕಾಲೂ ಓಡುತ್ತದೆ, ಗೋಲು ಬಿಟ್ಟು ಮುಂದೆ ಬಂದು ಆಡುತ್ತಾನೆ ಎಂಬುದು ಅವನ ಆಯ್ಕೆಗೆ ಒಂದು ಕಾರಣವಾಗಿತ್ತು.

ಹಿಗ್ಗಿಸುವ ಪಾಠದಷ್ಟೇ ಕುಗ್ಗಿಸುವ ಪಾಠವೂ ಹರಡಿತು. ಅರಿಗೊ ಸಾಕಿ 1987ರಿಂದ ಕಟ್ಟಿದ ಮಿಲಾನ್ ತಂಡದಲ್ಲಿ ಕೊನೆಯ ಡಿಫೆಂಡರ್‌ನಿಂದ ಮೊದಲ ಸ್ಟ್ರೈಕರ್‌ವರೆಗಿನ ಅಂತರ ಸುಮಾರು 25 ಮೀಟರ್ ಮೀರಬಾರದಿತ್ತು. ಎದುರಾಳಿ ಇಷ್ಟು ಒತ್ತಾಗಿ ಮುಂದೆ ಬಂದು ನಿಂತರೆ ಮಾಡುವುದೇನು? ಆಗಿನ್ನೂ ಒಂದು ಸುಲಭ ದಾರಿಯಿತ್ತು: ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಡು, ಅವನು ಕೈಯಲ್ಲಿ ಎತ್ತಿಕೊಳ್ಳಲಿ. 1992ರ ಯೂರೋ ಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಮುನ್ನಡೆ ಪಡೆದ ಡೆನ್ಮಾರ್ಕ್ ಪೀಟರ್ ಶ್ಮೈಕೆಲ್‌ಗೆ ಮತ್ತೆ ಮತ್ತೆ ಹಿಂದಕ್ಕೆ ಪಾಸ್ ಮಾಡಿ ಹೊತ್ತು ಕಳೆದದ್ದನ್ನು ಈಗ ನೋಡಿದರೆ ನಗು ಬರುತ್ತದೆ. ಅದೇ ಬೇಸಿಗೆಯಲ್ಲಿ ಆ ಬಾಗಿಲು ಮುಚ್ಚಿತು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ ಎಂಬ ನಿಯಮ ಬಂತು. ಆಧುನಿಕ ಬಿಲ್ಡ್-ಅಪ್‌ನ ಹುಟ್ಟಿಗೆ ಒಂದು ದಿನಾಂಕ ಹೇಳಿ ಎಂದರೆ ನಾನು ಯಾವ ಕೋಚ್‌ನ ಹೆಸರನ್ನೂ ಹೇಳದೆ ಈ ತಿದ್ದುಪಡಿಯನ್ನೇ ಹೇಳುತ್ತೇನೆ.

ಇಲ್ಲಿಂದ ಮುಂದಿನದು ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ನೆಲದ ಮೇಲೆ ಬಿರುಸಾಗಿ ಕೊಟ್ಟ ಪಾಸ್ ಸೆಕೆಂಡಿಗೆ 15 ಮೀಟರ್ ಹೋಗುತ್ತದೆ ಎಂದುಕೊಳ್ಳಿ. 20 ಮೀಟರ್ ದೂರದ ಜೊತೆಗಾರನನ್ನು ಮುಟ್ಟಲು ಒಂದೂ ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 7 ಮೀಟರ್ ಓಡುವ ಎದುರಾಳಿ 9 ಮೀಟರ್ ಕ್ರಮಿಸಿರುತ್ತಾನೆ. ಅಂದರೆ ಪಾಸ್ ಪಡೆಯುವವನ ಸುತ್ತ ಒಂಬತ್ತು ಮೀಟರಿನೊಳಗೆ ಎದುರಾಳಿ ಇದ್ದರೆ ಚೆಂಡಿನ ಜೊತೆಯೇ ಅವನೂ ಬರುತ್ತಾನೆ. ಜೊತೆಗಾರರು ತೀರಾ ದೂರ ನಿಂತರೆ ಪಾಸ್ ತಡವಾಗಿ ಸಿಕ್ಕಿಬೀಳುತ್ತದೆ. ತೀರಾ ಹತ್ತಿರ ನಿಂತರೆ ಒಬ್ಬನೇ ಎದುರಾಳಿ ಇಬ್ಬರನ್ನು ಕಾಯುತ್ತಾನೆ. ನೇರ ಸಾಲಿನಲ್ಲಿ ನಿಂತರೆ ಒಬ್ಬನ ನೆರಳಲ್ಲಿ ಇಬ್ಬರು ಮರೆಯಾಗುತ್ತಾರೆ. ಅದಕ್ಕೇ ಓರೆ, ಅದಕ್ಕೇ ತ್ರಿಕೋನ. ಓರೆಯಾಗಿ ಬಂದ ಚೆಂಡನ್ನು ಅರ್ಧ ತಿರುಗಿ ನಿಂತು ಪಡೆದವನಿಗೆ ಚೆಂಡು ಬಂದ ದಿಕ್ಕೂ ಹೋಗಬೇಕಾದ ದಿಕ್ಕೂ ಒಟ್ಟಿಗೆ ಕಾಣುತ್ತವೆ. ನಮ್ಮ ಹುಲಿ-ಕುರಿ ಆಟದಲ್ಲಿ ಕುರಿಗಳು ಏನನ್ನೂ ಹೊಡೆಯುವುದಿಲ್ಲ, ನಿಂತಲ್ಲೇ ಹುಲಿಯ ದಾರಿ ಕಟ್ಟುತ್ತವಲ್ಲ, ಚೆಂಡಿಲ್ಲದವರ ಕೆಲಸವೂ ಬಹುತೇಕ ಅಂಥದ್ದು.

ಇನ್ನೊಂದು ಲೆಕ್ಕ: ಎದುರಾಳಿಯ ಗೋಲ್‌ಕೀಪರ್ ತನ್ನ ಗೋಲು ಬಿಟ್ಟು ಬರುವುದಿಲ್ಲ. ನಮ್ಮ ಗೋಲ್‌ಕೀಪರ್ ಪಾಸ್ ಆಡಬಲ್ಲವನಾದರೆ ನಾವು ಹನ್ನೊಂದು, ಅವರು ಹತ್ತು. ಎಲ್ಲೋ ಒಬ್ಬ ಖಾಲಿ ಇದ್ದೇ ಇರುತ್ತಾನೆ. ಅವನನ್ನು ಹುಡುಕುವುದೇ ಬಿಲ್ಡ್-ಅಪ್. 1995ರಲ್ಲಿ ಯುರೋಪಿನ ಚಾಂಪಿಯನ್ ಆದ ಲೂಯಿ ವಾನ್ ಗಾಲ್‌ನ ಅಯಾಕ್ಸ್‌ನಲ್ಲಿ ಎಡ್ವಿನ್ ವಾನ್ ಡರ್ ಸಾರ್ ಈ ಲೆಕ್ಕವನ್ನು ಮೊದಲು ಗಂಭೀರವಾಗಿ ಆಡಿ ತೋರಿಸಿದವರಲ್ಲೊಬ್ಬ.

ಅಂಥದೇ ಒಂದು ತಂತ್ರ ಮೆಕ್ಸಿಕೊದಿಂದ ಬಂತು. ಅರ್ಜೆಂಟೀನಾದ ರಿಕಾರ್ಡೊ ಲಾ ವೊಲ್ಪೆ ತರಬೇತಿ ಕೊಟ್ಟ ಮೆಕ್ಸಿಕೊ ತಂಡದಲ್ಲಿ ಇಬ್ಬರು ಸೆಂಟರ್ ಬ್ಯಾಕ್‌ಗಳು ಅಗಲಕ್ಕೆ ಸರಿಯುತ್ತಿದ್ದರು, ಮಿಡ್‌ಫೀಲ್ಡರ್ ಒಬ್ಬ ಅವರ ನಡುವೆ ಇಳಿಯುತ್ತಿದ್ದ, ಫುಲ್‌ಬ್ಯಾಕ್‌ಗಳು ಮೇಲಕ್ಕೆ ಹೋಗುತ್ತಿದ್ದರು. ಎದುರು ಇಬ್ಬರು ಸ್ಟ್ರೈಕರ್‌ಗಳಿದ್ದರೆ ಇತ್ತ ಮೂವರು. 2006ರ ವಿಶ್ವಕಪ್ ವೇಳೆ ಇದನ್ನು ಸ್ಪೇನಿನ ಪತ್ರಿಕೆಯೊಂದರಲ್ಲಿ ಮೆಚ್ಚಿ ಬರೆದವನು ಆಗಷ್ಟೇ ಆಟ ಮುಗಿಸುತ್ತಿದ್ದ ಪೆಪ್ ಗ್ವಾರ್ಡಿಯೋಲ. ಕ್ರೈಫ್ ಕೋಚ್ ಆಗಿದ್ದ ಬಾರ್ಸಿಲೋನಾದಲ್ಲಿ ನಡುಗಂಬವಾಗಿ ಆಡಿದ್ದವನು 2008ರಲ್ಲಿ ಅದೇ ತಂಡದ ಕೋಚ್ ಆದಾಗ ಸೆರ್ಹಿಯೊ ಬುಸ್ಕೆಟ್ಸ್‌ನನ್ನು ಹಾಗೆಯೇ ಇಳಿಸಿದ. 2009ರ ಮೇ 2ರಂದು ಮ್ಯಾಡ್ರಿಡ್‌ನಲ್ಲಿ ಮೆಸ್ಸಿಯನ್ನು ನಡುವಿನಿಂದ ಕೆಳಕ್ಕೆ ತಂದು 6-2ರಿಂದ ಗೆದ್ದದ್ದು ಹಿಡೆಗ್‌ಕುಟಿಯ ಒಗಟೇ, ಅರ್ಧ ಶತಮಾನ ತಡವಾಗಿ.

ಗ್ವಾರ್ಡಿಯೋಲನ ಬಾರ್ಸಿಲೋನಾ ಆಟದ ಬಗ್ಗೆ ಬರೆದದ್ದು ಅತಿಯಾಗಿದೆ. ನಾನು ಹೆಚ್ಚು ಬೆಲೆ ಕೊಡುವುದು ಅವನ ಬಾಯರ್ನ್ ಮ್ಯೂನಿಕ್‌ನ ಮೂರು ವರ್ಷಗಳಿಗೆ. ಅಲ್ಲಿ ಅಭ್ಯಾಸದ ಮೈದಾನದ ಮೇಲೆ ಗೆರೆ ಎಳೆಸಿ ಉದ್ದಕ್ಕೆ ಐದು ಪಟ್ಟಿ ಮಾಡಲಾಗಿತ್ತು. ಒಂದು ಅಡ್ಡಸಾಲಿನಲ್ಲಿ ಮೂವರಿಗಿಂತ, ಒಂದು ಉದ್ದಪಟ್ಟಿಯಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಇರಬಾರದು. ಒಬ್ಬ ಬಂದರೆ ಇನ್ನೊಬ್ಬ ಜಾಗ ಬಿಡಬೇಕು. ಫಿಲಿಪ್ ಲಾಮ್, ಡೇವಿಡ್ ಅಲಾಬಾರಂಥ ಫುಲ್‌ಬ್ಯಾಕ್‌ಗಳು ಅಂಚಿನಲ್ಲಿ ಓಡುವ ಬದಲು ಒಳಕ್ಕೆ ಬಂದು ಮಿಡ್‌ಫೀಲ್ಡರ್‌ಗಳ ಪಕ್ಕ ನಿಂತರು. ಪಂದ್ಯಕ್ಕೆ ಮುಂಚೆ ಟಿ.ವಿ.ಯಲ್ಲಿ ತೋರಿಸುವ 4-3-3, 4-2-3-1 ಎಂಬ ಅಂಕಿಗಳಿಗೆ ಅರ್ಥ ಉಳಿಯದೆ ಹೋದದ್ದು ಸುಮಾರು ಇಲ್ಲಿಂದ. 2022-23ರಲ್ಲಿ ಗ್ವಾರ್ಡಿಯೋಲನ ಮ್ಯಾಂಚೆಸ್ಟರ್ ಸಿಟಿ ಮೂರು ಪ್ರಮುಖ ಪ್ರಶಸ್ತಿ ಗೆದ್ದಾಗ ಡಿಫೆಂಡರ್ ಜಾನ್ ಸ್ಟೋನ್ಸ್ ಚೆಂಡು ಸಿಕ್ಕೊಡನೆ ರೋಡ್ರಿಯ ಪಕ್ಕಕ್ಕೆ ಹೋಗುತ್ತಿದ್ದ. ಹಿಂದೆ ಮೂವರು, ನಡುವೆ ನಾಲ್ವರ ಚೌಕ. ಚಾಪ್‌ಮನ್ ನೋಡಿದ್ದರೆ ಗುರುತು ಹಿಡಿಯುತ್ತಿದ್ದ.

ಈ ಶಾಲೆಯ ಗಾಳಿ ಬೆಂಗಳೂರಿಗೂ ಬೀಸಿತು. ಬಾರ್ಸಿಲೋನಾದಲ್ಲಿ ಕೋಚ್ ರೈಕಾರ್ಡ್‌ನ ಸಹಾಯಕನಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿಯ ಕೋಚ್ ಆಗಿ ಬಂದು ಅದೇ ವರ್ಷ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಕರೆದೊಯ್ದ. ಭಾರತದ ಕ್ಲಬ್ಬೊಂದು ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಅವನ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಮುಂದೆ ಮುಖ್ಯ ಕೋಚ್ ಆಗಿ 2018-19ರ ಐಎಸ್ಎಲ್ ಗೆದ್ದ. ಎದುರಿದ್ದ ಗೋವಾದ ಕೋಚ್ ಸೆರ್ಹಿಯೊ ಲೊಬೆರಾ ಕೂಡ ಬಾರ್ಸಿಲೋನಾದ ಗರಡಿಯವನೇ. ಪಾಸಿನ ಆಟದ ಇಬ್ಬರು ಶಿಷ್ಯರ ಆ ಫೈನಲ್ ನಿರ್ಧಾರವಾದದ್ದು ಮಾತ್ರ ಹೆಚ್ಚುವರಿ ಸಮಯದಲ್ಲಿ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟು ಹೊಡೆದ ಗೋಲಿನಿಂದ.

2019ರ ತಿದ್ದುಪಡಿ ಮೊದಲ ಪಾಸನ್ನು ಹಿಂದಕ್ಕೆ ತಳ್ಳಬಹುದಾದಷ್ಟು ತಳ್ಳಿತು. ಅಲ್ಲಿಯವರೆಗೆ ಗೋಲ್ ಕಿಕ್ ಪೆನಾಲ್ಟಿ ಬಾಕ್ಸ್ ದಾಟಿದ ಮೇಲೆಯೇ ಆಟದಲ್ಲಿ. ಈಗ ಒದ್ದ ಕ್ಷಣದಿಂದಲೇ. ಸಹ ಆಟಗಾರರು ಬಾಕ್ಸ್ ಒಳಗೇ ನಿಂತು ಪಡೆಯಬಹುದು, ಎದುರಾಳಿಗಳು ಹೊರಗೆ ಕಾಯಬೇಕು. ಇದನ್ನು ಇಟಲಿಯ ರೊಬೆರ್ತೊ ದೆ ಜೆರ್ಬಿಯಷ್ಟು ಧೈರ್ಯದಿಂದ ಬಳಸಿಕೊಂಡವರು ಕಡಿಮೆ. ಸಸ್ಸುವೊಲೊದಲ್ಲಿ, ನಂತರ ಬ್ರೈಟನ್‌ನಲ್ಲಿ ಅವನ ಡಿಫೆಂಡರ್‌ಗಳು ಚೆಂಡಿನ ಮೇಲೆ ಅಂಗಾಲಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಎದುರಾಳಿ ಸಹನೆಗೆಟ್ಟು ನುಗ್ಗಲಿ ಎಂಬುದೇ ಉದ್ದೇಶ. ಅವನು ನುಗ್ಗಿದ ಕ್ಷಣ ಅವನ ಬೆನ್ನ ಹಿಂದಿನ ಜಾಗಕ್ಕೆ ಪಾಸ್, ಅಲ್ಲಿಂದ ಒಂದೇ ಸ್ಪರ್ಶದಲ್ಲಿ ಮೂರನೆಯವನಿಗೆ. ಹಿಗ್ಗಿಸುವುದನ್ನೇ ಮಂತ್ರ ಮಾಡಿಕೊಂಡವರ ನಡುವೆ ಇವನು ಬೇಕೆಂದೇ ಹತ್ತಿರ ನಿಲ್ಲಿಸಿ, ಎದುರಾಳಿಯನ್ನೂ ಹತ್ತಿರ ಕರೆದು, ದೂರದ ಜಾಗವನ್ನು ಬಯಲಾಗಿಸಿದ. ಬ್ರೈಟನ್ 2022-23ರಲ್ಲಿ ಆರನೇ ಸ್ಥಾನ ಪಡೆದು ಮೊದಲ ಬಾರಿಗೆ ಯುರೋಪಿನ ಟೂರ್ನಿಗೆ ಅರ್ಹವಾಯಿತು. ಬ್ರೆಜಿಲ್‌ನ ಫೆರ್ನಾಂಡೊ ಡಿನಿಸ್ ಇನ್ನೂ ಮುಂದೆ ಹೋದ: ಪಟ್ಟಿಗಳ ಲೆಕ್ಕವನ್ನೇ ಬಿಟ್ಟು ಆರೇಳು ಮಂದಿಯನ್ನು ಒಂದೇ ಅಂಚಿನಲ್ಲಿ ಗುಂಪುಗೂಡಿಸಿ ಸಣ್ಣ ಪಾಸ್‌ಗಳಲ್ಲಿ ಹೊರಬರುವ ಆಟ. 2023ರ ಕೊಪಾ ಲಿಬರ್ಟಡೊರೆಸ್ ಫೈನಲ್‌ನಲ್ಲಿ ಅವನ ಫ್ಲುಮಿನೆನ್ಸ್ ಬೊಕಾ ಜೂನಿಯರ್ಸ್ ತಂಡವನ್ನು 2-1ರಿಂದ ಮಣಿಸಿತು. ಸರಿಯಾದ ಅಂತರ ಎಂಬುದು ಒಂದೇ ಎಂದು ನಂಬಿದ್ದವರಿಗೆ ಇದು ಇರಿಸುಮುರಿಸು ತಂದದ್ದು ಸುಳ್ಳಲ್ಲ.

ಅಳೆಯುವವರೂ ಬದಲಾಗಿದ್ದಾರೆ. ರೀಪ್ ಪಾಸ್ ಎಣಿಸಿದ. ಈಗ ಕ್ಯಾಮೆರಾಗಳು ಸೆಕೆಂಡಿಗೆ ಹಲವು ಬಾರಿ 22 ಮಂದಿಯ ಜಾಗವನ್ನೂ ಗುರುತಿಸುತ್ತವೆ. ಹಾವಿಯೆರ್ ಫೆರ್ನಾಂಡೆಜ್ ಮತ್ತು ಲೂಕ್ ಬಾರ್ನ್ 2018ರಲ್ಲಿ ಬಾರ್ಸಿಲೋನಾದ ಮಾಹಿತಿ ಇಟ್ಟುಕೊಂಡು ಯಾರು ಎಷ್ಟು ಬೆಲೆಬಾಳುವ ಜಾಗ ಗಳಿಸುತ್ತಾರೆ ಎಂದು ಲೆಕ್ಕ ಹಾಕಿದಾಗ, ಮೆಸ್ಸಿ ಅಂಥ ಜಾಗದ ದೊಡ್ಡ ಪಾಲನ್ನು ಓಡದೆ, ನಡೆದಾಡಿಕೊಂಡೇ ಗಳಿಸುತ್ತಾನೆಂದು ಕಂಡುಬಂತು. ಸೋಮಾರಿ ಎಂದು ಬೈದವರೆಲ್ಲ ಅವನ ಕಾಲು ನೋಡುತ್ತಿದ್ದರು, ನಿಂತ ಜಾಗವನ್ನಲ್ಲ.

ಈ ಆಧುನಿಕ ಬಿಲ್ಡ್-ಅಪ್‌ನ ಅಡಿಪಾಯದಲ್ಲಿ ಒಂದು ಊಹೆಯಿತ್ತು: ಎದುರಾಳಿ ಜಾಗ ಕಾಯುತ್ತಾನೆ, ಆಳನ್ನಲ್ಲ. ಜಾನ್ ಪಿಯೆರೊ ಗಾಸ್ಪೆರಿನಿಯ ಅಟಲಾಂಟಾ ಮೈದಾನದ ತುಂಬ ಆಳಿಗೆ ಆಳು ಹಚ್ಚಿ ಆ ಊಹೆಯನ್ನೇ ಕೆಡಿಸಿತು. 51 ಪಂದ್ಯಗಳಿಂದ ಸೋಲರಿಯದಿದ್ದ ಲೆವರ್‌ಕೂಸನ್, ಪಾಸಿನ ಆಟದಲ್ಲಿ ಪಳಗಿದ ತಂಡ, 2024ರ ಯುರೋಪಾ ಲೀಗ್ ಫೈನಲ್‌ನಲ್ಲಿ ಅದರೆದುರು 0-3ರಿಂದ ಸೋತಿತು. ಹೀಗೆ ಮೈಗಂಟಿ ಕಾಯುವವರ ವಿರುದ್ಧ ಖಾಲಿ ಉಳಿಯುವವನು ಗೋಲ್‌ಕೀಪರ್ ಒಬ್ಬನೇ, ಖಾಲಿ ಜಾಗ ಉಳಿಯುವುದು ಎದುರಾಳಿ ಡಿಫೆಂಡರ್‌ಗಳ ಬೆನ್ನ ಹಿಂದೆ; ಹಾಗಾಗಿ ರೀಪ್ ಬಯಸಿದ್ದ ಉದ್ದನೆಯ ಒದೆತ ಬೇರೆ ಕಾರಣಕ್ಕೆ ಮರಳಿ ಬರುತ್ತಿದೆ. ಲೂಯಿಸ್ ಎನ್ರಿಕೆ ಬಾರ್ಸಿಲೋನಾದಲ್ಲಿ ಆಡಿದವನು, ಅಲ್ಲೇ ಕೋಚ್ ಆಗಿದ್ದವನು. ಅವನ ಪಿಎಸ್‌ಜಿ 2025ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ವಿರುದ್ಧ ಕಿಕ್-ಆಫ್ ಆದೊಡನೆ ಚೆಂಡನ್ನು ಎದುರಾಳಿಯ ಮೂಲೆಯ ಬಳಿ ಬೇಕೆಂದೇ ಹೊರಗೊದ್ದಿತು. ಇಂಟರ್ ತನ್ನ ಆಟವನ್ನು ಆ ಇಕ್ಕಟ್ಟಿನಿಂದ, ಸುತ್ತ ಒತ್ತಿ ನಿಂತ ಪ್ಯಾರಿಸ್ ಆಟಗಾರರ ನಡುವಿನಿಂದ ಶುರುಮಾಡಬೇಕಾಯಿತು. ಪಂದ್ಯ 5-0. ಅಂದು ಪಿಎಸ್‌ಜಿಯ ಗೋಲು ಕಾಯ್ದ ಜಾನ್‌ಲೂಯಿಜಿ ಡೊನ್ನರುಮ್ಮಾ ಕಾಲಿಗಿಂತ ಕೈಗೆ ಹೆಸರಾದವನು. ಪಾಸ್ ಚೆನ್ನಾಗಿ ಆಡುವ ಕೀಪರ್ ಬೇಕೆಂದು ಎನ್ರಿಕೆ ಅವನನ್ನು ಬಿಟ್ಟುಕೊಟ್ಟ. ಆ ಸೆಪ್ಟೆಂಬರ್‌ನಲ್ಲಿ ಅವನನ್ನು ಕೊಂಡದ್ದು ಗ್ವಾರ್ಡಿಯೋಲನ ಮ್ಯಾಂಚೆಸ್ಟರ್ ಸಿಟಿ.