ಗೋದಲಿ ಮನೆಯೊಳಗೆ ಬಂದ ಬಗೆ



ಕ್ರಿಸ್ತಜಯಂತಿಗೆ ಮನೆ ಸಿಂಗರಿಸುವ ಸಾಮಾನುಗಳಿಗೆ ಈಗ ಕೊರತೆಯಿಲ್ಲ. ನಕ್ಷತ್ರ, ಬಣ್ಣದ ಸೀರಿಯಲ್ ಸೆಟ್, ಪ್ಲಾಸ್ಟಿಕ್ ಮರ, ಗಂಟೆ ಅಲ್ಲಾಡಿಸುವ ಸಾಂತಾ ಕ್ಲಾಸ್, ಕಡೆಗೆ ಜೋಡಿಸಿಟ್ಟ ಗೋದಲಿಯೂ ಅಂಗಡಿಯಲ್ಲಿ ಸಿಗುತ್ತದೆ. ತಂದು ಪ್ಲಗ್ ಹಾಕಿದರೆ ಆಯಿತು. ಆದರೆ ಮೊಮ್ಮಗ ಬಂದು, "ತಾತ, ಇಲ್ಲಿ ಎತ್ತು ಯಾಕಿದೆ? ಕತ್ತೆ ಯಾಕಿದೆ?" ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು?

ಪ್ರಶ್ನೆ ಸಣ್ಣದೇನಲ್ಲ. ಸಂತ ಲೂಕರು ತಮ್ಮ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಗೋದಲಿಯನ್ನು ಹೆಸರಿಸುತ್ತಾರೆ, ಕುರುಬರನ್ನೂ ದೇವದೂತರನ್ನೂ ಕರೆತರುತ್ತಾರೆ. ಎತ್ತು, ಕತ್ತೆಗಳ ಮಾತು ಅಲ್ಲಿಲ್ಲ. ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಒಡೆಯನನ್ನು ಪಶುಗಳು ಗುರುತಿಸಿದರೂ ಜನರು ಗುರುತಿಸಲಿಲ್ಲವಲ್ಲ ಎಂದು ಪ್ರವಾದಿ ಅಲ್ಲಿ ಮರುಗುತ್ತಾನೆ. ಆದಿಕಾಲದ ಕ್ರೈಸ್ತರು ಈ ಮಾತನ್ನು ಮರೆಯಲಿಲ್ಲ. ನಾಲ್ಕನೇ ಶತಮಾನದ ಇಟಲಿಯ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಶಿಶು ಯೇಸುವಿನ ಬದಿಯಲ್ಲಿ ಈ ಎರಡು ಪ್ರಾಣಿಗಳನ್ನು ಕೆತ್ತಿದ್ದಾರೆ. ಕೆಲವೆಡೆ ಮಾತೆ ಮರಿಯ, ಸಂತ ಜೋಸೆಫರು ಕೂಡ ಇಲ್ಲ, ಎತ್ತು ಮತ್ತು ಕತ್ತೆ ಮಾತ್ರ ಇವೆ! ಮೊಮ್ಮಗನಿಗೆ ಇಷ್ಟು ಹೇಳಿದರೂ ಸಾಕು, ಅವನು ಆ ಕತ್ತೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಈಗ 1223ನೇ ಇಸವಿಗೆ ಬರೋಣ. ಮಧ್ಯ ಇಟಲಿಯ ಬೆಟ್ಟದ ಊರು ಗ್ರೆಚ್ಚೊ. ಅಸ್ಸಿಸಿಯ ಸಂತ ಫ್ರಾನ್ಸಿಸರ ಸಭೆಯ ನಿಯಮಾವಳಿಗೆ ಆ ನವೆಂಬರ್ 29ರಂದು ಜಗದ್ಗುರು ಮೂರನೇ ಹೊನೋರಿಯಸ್ ಅಂಗೀಕಾರ ನೀಡಿದ್ದರು. ಹಬ್ಬಕ್ಕೆ ಸುಮಾರು ಹದಿನೈದು ದಿನ ಇರುವಾಗ ಫ್ರಾನ್ಸಿಸರು ಆ ಊರಿನ ಜೋವಾನ್ನಿ ಎಂಬ ಸಜ್ಜನನನ್ನು ಕರೆಸಿ ಒಂದು ಗೋದಲಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ಸಿದ್ಧಪಡಿಸಲು ಹೇಳಿದರು. ದೇವಪುತ್ರ ಎಂಥ ಬಡತನದಲ್ಲಿ ಹುಟ್ಟಿದನೆಂಬುದನ್ನು ತಮ್ಮ ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ಆ ರಾತ್ರಿ ಸುತ್ತಲಿನ ಊರುಗಳ ಹೆಂಗಸರು, ಗಂಡಸರು ಪಂಜು, ಮೇಣದಬತ್ತಿ ಹಿಡಿದು ಬೆಟ್ಟ ಹತ್ತಿದರು. ಪ್ರತಿಮೆಗಳು ಒಂದೂ ಇರಲಿಲ್ಲ. ಗೋದಲಿಯ ಬಳಿಯೇ ಬಲಿಪೂಜೆ ನಡೆಯಿತು. ಡೀಕನ್ ಆಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಪ್ರಬೋಧನೆ ಮಾಡಿದರು. 'ಬೆತ್ಲೆಹೇಮ್' ಎನ್ನುವಾಗ ಅವರ ದನಿ ಕುರಿಮರಿಯ ಕೂಗಿನಂತೆ ಕೇಳುತ್ತಿತ್ತು ಎಂದು ಅವರ ಚರಿತ್ರೆ ಬರೆದ ಚೆಲಾನೊದ ಥಾಮಸ್ ತಿಳಿಸುತ್ತಾರೆ. ಮಕ್ಕಳಿಗೆ ಈ ಭಾಗವನ್ನು ದನಿ ಮಾಡಿಯೇ ಹೇಳಬೇಕು.

ಅದೇ ಥಾಮಸ್ ಇನ್ನೊಂದು ಸಂಗತಿ ಬರೆದಿದ್ದಾರೆ. ಅಲ್ಲಿದ್ದ ಒಬ್ಬ ಭಕ್ತನಿಗೆ ಗೋದಲಿಯಲ್ಲಿ ಒಂದು ಮಗು ಜೀವವಿಲ್ಲದಂತೆ ಮಲಗಿರುವುದು ಕಾಣಿಸಿತಂತೆ. ಫ್ರಾನ್ಸಿಸರು ಹತ್ತಿರ ಹೋದಾಗ ಆ ಮಗು ಗಾಢ ನಿದ್ದೆಯಿಂದೆಂಬಂತೆ ಎಚ್ಚೆತ್ತಿತು. ಅನೇಕರ ಹೃದಯದಲ್ಲಿ ಮರೆತುಹೋಗಿದ್ದ ಯೇಸು ಅಲ್ಲಿ ಮತ್ತೆ ಎದ್ದರೆಂದು ಥಾಮಸ್ ಅದಕ್ಕೆ ಅರ್ಥ ಹೇಳುತ್ತಾರೆ. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಮೂರು ವರ್ಷದೊಳಗೆ ಬರೆದ ಚರಿತ್ರೆ ಇದು. ದೃಶ್ಯ ನೋಡಿದವರು ಆಗ ಇನ್ನೂ ಬದುಕಿದ್ದರು.

ಮುಂದಿನ ಶತಮಾನಗಳಲ್ಲಿ ಗೋದಲಿಗೆ ಪ್ರತಿಮೆಗಳು ಬಂದವು. ರೋಮಿನ ಸಂತ ಮೇರಿ ಮೇಜರ್ ಮಹಾದೇವಾಲಯಕ್ಕಾಗಿ 1291ರ ಸುಮಾರಿಗೆ ಅರ್ನೊಲ್ಫೊ ದಿ ಕಾಂಬಿಯೊ ಕೆತ್ತಿದ ಕಲ್ಲಿನ ಪ್ರತಿಮೆಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಹದಿನೆಂಟನೇ ಶತಮಾನದ ನೇಪಲ್ಸ್ ನಗರದಲ್ಲಂತೂ ರೇಷ್ಮೆ ಉಡುಪಿನ ನೂರಾರು ಗೊಂಬೆಗಳ ಮಧ್ಯೆ ಬಾಲಯೇಸುವನ್ನು ಹುಡುಕಬೇಕಾದಷ್ಟು ವೈಭವ. ಅದು ಅರಮನೆಯ ಮಾತು, ಇರಲಿ.

ಬಡವರ ಮನೆಗೆ ಗೋದಲಿ ಬಂದ ಕಥೆಯೇ ಬೇರೆ. ಅದು ಸಂಭ್ರಮದಲ್ಲಿ ಬರಲಿಲ್ಲ, ದೇವಾಲಯದ ಬಾಗಿಲು ಮುಚ್ಚಿದಾಗ ಬಂದಿತು. 1780ರ ದಶಕದಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ ದೇವಾಲಯಗಳಲ್ಲಿ ಗೋದಲಿ ಇಡುವುದನ್ನು ನಿಷೇಧಿಸಿದ. ಟಿರೋಲ್ ಬೆಟ್ಟಸೀಮೆಯ ರೈತರು ವಾದಕ್ಕೆ ನಿಲ್ಲಲಿಲ್ಲ. ಗೋದಲಿಯನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಚಳಿಗಾಲದ ರಾತ್ರಿಗಳಲ್ಲಿ ಮರದಲ್ಲಿ ಹೊಸ ಗೊಂಬೆಗಳನ್ನೂ ಕೆತ್ತಿದರು. ಫ್ರಾನ್ಸಿನಲ್ಲಿ ಕಷ್ಟ ಇನ್ನೂ ಹೆಚ್ಚು. ಮಹಾಕ್ರಾಂತಿಯ ಕಾಲದಲ್ಲಿ, 1793ರ ಹೊತ್ತಿಗೆ, ದೇವಾಲಯಗಳು ಮುಚ್ಚಿದವು, ನಡುರಾತ್ರಿಯ ಪೂಜೆ ನಿಂತಿತು, ಗುರುಗಳು ತಲೆಮರೆಸಿಕೊಂಡು ಬದುಕಬೇಕಾಯಿತು. ಆಗ ದಕ್ಷಿಣದ ಪ್ರೊವಾನ್ಸ್ ಪ್ರಾಂತ್ಯದ ಮನೆಗಳಲ್ಲಿ ಪುಟ್ಟ ಗೋದಲಿಗಳು ಬೆಳೆದವು. ಮಾರ್ಸೆಯ್ ನಗರದ ಜಾನ್ ಲೂಯಿ ಲಾನ್ಯೆಲ್ ಎಂಬ ಕುಶಲಕರ್ಮಿ ಅಚ್ಚು ಮಾಡಿ, ಅಗ್ಗದ ಜೇಡಿಮಣ್ಣಿನಲ್ಲಿ ಬೊಂಬೆಗಳನ್ನು ತೆಗೆದ. ಅವಕ್ಕೆ 'ಸಾಂತೊನ್' ಎಂದು ಹೆಸರು, ಎಂದರೆ ಪುಟ್ಟ ಸಂತರು. 1803ರಲ್ಲಿ ಮಾರ್ಸೆಯ್‌ನಲ್ಲಿ ಆರಂಭವಾದ ಸಾಂತೊನ್ ಜಾತ್ರೆ ಈಗಲೂ ನಡೆಯುತ್ತದೆ.

ಈ ಸಾಂತೊನ್‌ಗಳಲ್ಲಿ ಕುರುಬರ ಜೊತೆಗೆ ಊರಿನ ಗಿರಣಿಯವನು, ಮೀನು ಮಾರುವವಳು, ಚಾಕು ಸಾಣೆ ಹಿಡಿಯುವವನು ಎಲ್ಲರೂ ಇದ್ದಾರೆ. ತಮ್ಮ ತಮ್ಮ ಕಸುಬಿನ ಕಾಣಿಕೆ ಹಿಡಿದು ಬಾಲಯೇಸುವಿನ ಬಳಿಗೆ ಹೊರಟಿದ್ದಾರೆ. 'ರಾವಿ' ಎಂಬೊಬ್ಬನಿದ್ದಾನೆ, ಊರಿನ ಪೆದ್ದ. ಅವನ ಕೈಯಲ್ಲಿ ಏನೂ ಇಲ್ಲ. ಎರಡೂ ಕೈ ಮೇಲೆತ್ತಿ ಬೆರಗಿನಿಂದ ನಿಂತಿದ್ದಾನೆ, ಅಷ್ಟೇ. ನಮಗಂತೂ ಆ ಮಣ್ಣಿನ ಬೊಂಬೆಗಳಲ್ಲೆಲ್ಲ ಅವನೇ ಪ್ರಿಯ. ನಮ್ಮ ಗೋದಲಿಯಲ್ಲೂ ಮಕ್ಕಳು ಹಾಲಿನವನನ್ನೋ, ಹೂ ಮಾರುವ ಅಜ್ಜಿಯನ್ನೋ, ಆಟೋ ಓಡಿಸುವವನನ್ನೋ ಮಣ್ಣಿನಲ್ಲಿ ಮಾಡಿ ನಿಲ್ಲಿಸಲಿ. ಅಂದ ಕೆಟ್ಟಿತೆಂದು ಹಿರಿಯರು ಅದನ್ನು ಹಿಂದಕ್ಕೆ ಸರಿಸದಿದ್ದರೆ ಸಾಕು.

ಪೂಜೆಯಿಲ್ಲದ ಕಾಲದಲ್ಲಿ ಆ ಮನೆಗಳ ಮಕ್ಕಳಿಗೆ ಬೊಂಬೆ ತೋರಿಸಿ ಕಥೆ ಹೇಳಿದವರು ಮನೆಯ ಹಿರಿಯರಲ್ಲದೆ ಇನ್ನಾರು? 2020ರ ಕ್ರಿಸ್ತಜಯಂತಿಯಲ್ಲಿ ಮಹಾಮಾರಿಯ ಭಯದಿಂದ ನಮ್ಮಲ್ಲೂ ಅನೇಕ ಹಿರಿಯರು ಮನೆಯ ಗೋದಲಿಯ ಮುಂದೆಯೇ ಕುಳಿತು ಪ್ರಾರ್ಥಿಸಿದರಲ್ಲವೇ?

ಪ್ರೊವಾನ್ಸ್‌ನ ಮನೆಗಳಲ್ಲಿ ಸಂತ ಬಾರ್ಬರಾ ಹಬ್ಬವಾದ ಡಿಸೆಂಬರ್ 4ರಂದು ಪುಟ್ಟ ತಟ್ಟೆಗಳಲ್ಲಿ ಗೋಧಿ ಮೊಳಕೆಗೆ ಇಡುತ್ತಾರೆ. ಹಬ್ಬದ ಹೊತ್ತಿಗೆ ಹಸಿರು ಪೈರು ಗೋದಲಿಯನ್ನು ಸೇರುತ್ತದೆ. ನಮ್ಮ ಮನೆಗಳಲ್ಲಿ ರಾಗಿ ಚೆಲ್ಲಿ ಪೈರು ಬರಿಸುವುದೂ ಇದೇ ಬಗೆಯದು. ಹಸಿರು ಬಣ್ಣದ ಮರದ ಪುಡಿ ಸುಲಭ, ನಿಜ. ಆದರೆ ರಾಗಿಗೆ ದಿನವೂ ನೀರು ಚಿಮುಕಿಸಬೇಕು, ಆ ಕೆಲಸ ಮೊಮ್ಮಗಳದಾದರೆ ಅವಳಿಗೆ ಹಬ್ಬ ಹತ್ತು ಹನ್ನೆರಡು ದಿನ ಮೊದಲೇ ಆರಂಭವಾಗುತ್ತದೆ. ಕಾಯುವುದು ಏನೆಂದು ಆಗಮನ ಕಾಲದಲ್ಲಿ ಇದಕ್ಕಿಂತ ಚೆನ್ನಾಗಿ ಹೇಗೆ ಕಲಿಸೋಣ? ಕೆಲವು ನಾಡುಗಳಲ್ಲಿ ಮಗು ಮಾಡಿದ ಒಂದೊಂದು ಒಳ್ಳೆಯ ಕೆಲಸಕ್ಕೂ ಬರಿದಾದ ಗೋದಲಿಯಲ್ಲಿ ಒಂದು ಹುಲ್ಲುಕಡ್ಡಿ ಇಡಿಸುತ್ತಾರೆ, ಬಾಲಯೇಸುವಿಗೆ ಹಾಸಿಗೆ ಮೆತ್ತಗಾಗಲೆಂದು. ತಂಗಿಗೆ ಆಟಿಕೆ ಕೊಟ್ಟಿದ್ದಕ್ಕೆ ಒಂದು ಕಡ್ಡಿ, ಕಸ ಗುಡಿಸಿದ್ದಕ್ಕೆ ಒಂದು. ಲೆಕ್ಕದಲ್ಲಿ ಜಗಳವಾಗುತ್ತದೆ, ಆಗಲಿ.

ಬಾಲಯೇಸುವಿನ ಪ್ರತಿಮೆಯನ್ನು 24ರ ರಾತ್ರಿಯವರೆಗೆ ಇಡಬೇಡಿ. ರೋಮಿನ ಮಕ್ಕಳು ಆಗಮನ ಕಾಲದ ಮೂರನೇ ಭಾನುವಾರ ತಮ್ಮ ಮನೆಯ ಬಾಲಯೇಸುವನ್ನು ಸಂತ ಪೇತ್ರರ ಚೌಕಕ್ಕೆ ತಂದು ಜಗದ್ಗುರುಗಳಿಂದ ಆಶೀರ್ವಾದ ಪಡೆಯುತ್ತಾರೆ. 1969ರಲ್ಲಿ ಜಗದ್ಗುರು ಆರನೇ ಪೌಲರ ಕಾಲದಲ್ಲಿ ಆರಂಭವಾದ ಪದ್ಧತಿ ಇದು. ನಮ್ಮ ಧರ್ಮಕೇಂದ್ರದ ಗುರುಗಳನ್ನೂ ಕೇಳಿಕೊಳ್ಳಬಹುದು, ಅವರು ಬೇಡವೆನ್ನಲಾರರು. ನಡುರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಕಿರಿಯ ಮಗುವಿನ ಕೈಯಿಂದ ಇಡಿಸಿ, ಅಜ್ಜಿ ಒಂದು ಹಾಡು ಹೇಳಲಿ.

ಇನ್ನು ಮೂಡಣ ದೇಶದ ಜೋಯಿಸರು. ಸಂತ ಮತ್ತಾಯರು ಅವರನ್ನು ಮೂವರೆಂದೂ ಹೇಳಿಲ್ಲ, ಅರಸರೆಂದೂ ಹೇಳಿಲ್ಲ. ಕಾಣಿಕೆ ಮೂರಿದ್ದುದರಿಂದ ಮೂವರಾದರು. ಅವರನ್ನು ಮೊದಲ ದಿನವೇ ಕೊಟ್ಟಿಗೆಯೊಳಗೆ ನಿಲ್ಲಿಸದೆ ಮನೆಯ ಇನ್ನೊಂದು ಮೂಲೆಯಲ್ಲಿ, ಕಿಟಕಿಯ ಮೇಲೋ ಪುಸ್ತಕದ ಕಪಾಟಿನ ಮೇಲೋ ಇಟ್ಟು, ದಿನಕ್ಕೊಂದು ಗೇಣು ಮುಂದೆ ನಡೆಸುತ್ತ ಮೂರು ರಾಯರ ಹಬ್ಬದ ದಿನ ಗೋದಲಿ ಮುಟ್ಟಿಸುವ ಮನೆಗಳಿವೆ. ಮೊಮ್ಮಕ್ಕಳು ಕೊಲ್ಲಿ ರಾಷ್ಟ್ರದಲ್ಲೋ ಇನ್ನೆಲ್ಲೋ ಇದ್ದರೆ ಸಂಜೆ ಫೋನಿನಲ್ಲಿ, "ಅಜ್ಜಿ, ಒಂಟೆ ಇವತ್ತು ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ಅಜ್ಜಿ ಕ್ಯಾಮೆರಾ ತಿರುಗಿಸಿ ತೋರಿಸುತ್ತಾರೆ: ಟೀವಿಯ ಪಕ್ಕ ದಾಟಿದೆ, ನಾಳೆ ಊಟದ ಮೇಜು.