ಬಂದೂಕು ಯಾರ ಮನ್ಯಾಗ?



"ಅಣ್ಣಾ, ನಮಗೂ ಬಂದೂಕಿನ ಲೈಸೆನ್ಸ್ ಬೇಕು" ಅಂತಾರ ಆಳಂದ, ಅಫಜಲಪುರ, ಜೇವರ್ಗಿ ಕಡೆ ಕೆಲವು ಹುಡುಗರು. "ಬಂದೂಕು ಬಂದ್ರ ಮೊದಲ ಕೇಸು ನಮ್ಮ ಮ್ಯಾಲೇ" ಅಂತಾರ ಹಿರಿಯರು. ಎರಡೂ ಮಾತಿಗೆ ಇತಿಹಾಸ ಇದೆ.

ಕೆಳವರ್ಗದವರ ಕೈಗೆ ಆಯುಧ ಸಿಗದಂತೆ ಚಾತುರ್ವರ್ಣ್ಯ ನೋಡಿಕೊಂಡಿತು, ಅದಕ್ಕೇ ಅವರು ಬಂಡೇಳಲಾಗಲಿಲ್ಲ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬರೆದರು. ಹುಡುಗರ ಸಿಟ್ಟು ಅಲ್ಲಿಂದ ಬಂದದ್ದು.

ಹಿರಿಯರ ಅಂಜಿಕೆಯೂ ಸುಳ್ಳಲ್ಲ. 1947-48ರಲ್ಲಿ ಈ ನಿಜಾಮ ಸೀಮೆ ರಜಾಕಾರರ ಹಾವಳಿ ಕಂಡಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಹತ್ಯೆಗಳಾದವು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಸುಂದರಲಾಲ್ ಸಮಿತಿ ಹೆಸರಿಸಿತು. ಆಯುಧ ಹಿಡಿದವರು ಬದಲಾದರು, ಸತ್ತವರು ಎರಡೂ ಸಲ ಬರಿಗೈಯವರೇ.

ಈಗ 1995ರ ದೌರ್ಜನ್ಯ ತಡೆ ನಿಯಮಗಳ 3ನೇ ನಿಯಮ ಓದ್ರಿ. ಅಗತ್ಯವಿದ್ದರೆ ದಲಿತರಿಗೆ ಲೈಸೆನ್ಸ್ ಕೊಡಿ ಅಂತ ಅದರಲ್ಲಿದೆ. ಅದಕ್ಕೂ ಮುಂಚಿನ ಸಾಲು ಯಾರೂ ಹೇಳಲ್ಲ: ದೌರ್ಜನ್ಯದ ಭಯ ಇರುವ ಊರಲ್ಲಿ ಅಗತ್ಯ ಕಂಡರೆ ಉಳಿದ ಜಾತಿಯವರ ಲೈಸೆನ್ಸ್ ರದ್ದು ಮಾಡಿ ಬಂದೂಕು ಸರ್ಕಾರಕ್ಕೆ ಜಮಾ ಮಾಡಿಸಿ, ಅಕ್ರಮದ್ದು ಜಪ್ತಿ ಮಾಡಿ.

ಡಿಸಿ ಆಫೀಸಿಗೆ ಹೋಗೋಣು. ಮೊದಲು ಈ ಸಾಲು ಜಾರಿ ಮಾಡ್ರಿ ಅಂತ ಕೇಳೋಣು. ಹುಡುಗರ ಅರ್ಜಿ ಆಮ್ಯಾಲೆ ನೋಡೋಣು.